ಕೋಡಿ ಅಂದ್ರೆ ಏನು ತಾತ?

ಈ ಸಲದ ಎನ್ನೆಸ್ಸೆಸ್ ಕ್ಯಾಂಪಿಗೆ ಹೆಸರು ಬರೆಸಿ ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ಎರಡೇ ದಿನದಲ್ಲಿ ಪಟ್ಟಿ ತುಂಬುತ್ತೆ ಅಂತ ನಮಗೆ ಗೊತ್ತು. ಏಳು ದಿನ ಕ್ಲಾಸಿಲ್ಲ, ಆಕ್ಟಿವಿಟಿ ಪಾಯಿಂಟ್ಸ್ ಸಿಗುತ್ತೆ, ರಾತ್ರಿ ಬೆಂಕಿ ಹಾಕಿ ಅಂತ್ಯಾಕ್ಷರಿ. ಕಳೆದ ವರ್ಷ ನಾವೂ ಇದೇ ಲೆಕ್ಕ ಹಾಕಿ ಹೆಸರು ಕೊಟ್ಟವರು. ಹಾಗಾಗಿ ಬುದ್ಧಿ ಹೇಳೋ ಯೋಗ್ಯತೆ ನಮಗಿಲ್ಲ. ಆದರೂ ಹೇಳ್ತೀವಿ: ನಾವು ಹೋದ ಹಾಗೆ ನೀವು ಹೋಗಬೇಡಿ.

ನಾವು ಅಂದರೆ ನಾಲ್ಕು ಜನ. ಹಲಸೂರಿನವನೊಬ್ಬ, ಶಿವಾಜಿನಗರದವಳೊಬ್ಬಳು, ಇಂದಿರಾನಗರದವನೊಬ್ಬ, ಕೆ.ಆರ್. ಪುರದವಳೊಬ್ಬಳು. ಟೈಪ್ ಮಾಡ್ತಿರೋದು ಒಬ್ಬರೇ ಆದರೂ ಮಾತು ನಾಲ್ವರದ್ದೂ ಹೌದು. ನಾಲ್ವರೂ ಇಂಗ್ಲಿಷ್ ಮೀಡಿಯಮ್. ಒಬ್ಬರ ಮನೆಯಲ್ಲಿ ಉರ್ದು, ಒಬ್ಬರ ಮನೆಯಲ್ಲಿ ತಮಿಳು-ಕನ್ನಡ ಬೆರಕೆ, ಒಬ್ಬರ ಮನೆಯಲ್ಲಿ ತೆಲುಗು ವಾಸನೆಯ ಕನ್ನಡ. ಇನ್ನೊಬ್ಬರ ಮನೆಯಲ್ಲಿ ಶುದ್ಧ ಕನ್ನಡವೇ, ಆದರೆ ನಾಲ್ವರಲ್ಲಿ ಕನ್ನಡ ಓದೋಕೆ ಅತಿ ಹೆಚ್ಚು ತಿಣುಕಾಡೋದು ಅವರೇ. ಫಸ್ಟ್ ಇಯರ್‌ನಲ್ಲಿ ಸಾಂಸ್ಕೃತಿಕ ಕನ್ನಡ ಅಂತ ಒಂದು ಕ್ರೆಡಿಟ್ಟಿನ ಪೇಪರ್ ಇತ್ತಲ್ಲ, ಅದನ್ನ ಟಿಕ್ ಮಾಡಿ ಪಾಸಾದವರು ನಾವು.

ಕ್ಯಾಂಪ್ ನಡೆದದ್ದು ಮಾಲೂರು ಆಚೆ ಒಂದು ಹಳ್ಳಿಯಲ್ಲಿ. ಕೆ.ಆರ್. ಪುರದಲ್ಲಿ ಪ್ಯಾಸೆಂಜರ್ ರೈಲು ಹತ್ತಿದರೆ ಮಾಲೂರಿಗೆ ದೂರವೇ ಇಲ್ಲ, ಸಿಲ್ಕ್ ಬೋರ್ಡ್ ತಲುಪೋದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಆದರೂ ನಾವು ಬೇರೆ ದೇಶಕ್ಕೆ ಹೊರಟವರ ಹಾಗೆ ಸನ್‌ಸ್ಕ್ರೀನ್, ಪವರ್ ಬ್ಯಾಂಕ್, ಕುಡಿಯೋ ನೀರಿನ ಬಾಟಲಿಗಳ ಕೇಸು ಎಲ್ಲ ಕಟ್ಟಿಕೊಂಡು ಹೋದೆವು. ಮೊದಲ ದಿನ ಶಾಲೆ ಗೋಡೆಗೆ ಬಣ್ಣ ಹೊಡೆದೆವು. ಎರಡನೇ ದಿನ ಮನೆ ಮನೆ ಸರ್ವೆ.

ಸರ್ವೆ ಫಾರಂ ಇಂಗ್ಲಿಷಿನಿಂದ ಕನ್ನಡಕ್ಕೆ ಯಾರೋ ಫೋನಿನಲ್ಲೇ ತಿರುಗಿಸಿದ್ದು. ಅದರಲ್ಲಿ 'ಆದಾಯದ ಮೂಲ' ಅಂತ ಒಂದು ಕಾಲಂ. ನಮ್ಮಲ್ಲೊಬ್ಬರು ಜಗಲಿ ಮೇಲೆ ಕೂತಿದ್ದ ಅಜ್ಜಿಯ ಮುಂದೆ ನಿಂತು, "ಅಜ್ಜಿ, ನಿಮ್ಮ ಮೂಲ ಯಾವುದು?" ಅಂತ ಕೇಳಿದರು. ಅಜ್ಜಿ ಗಾಬರಿಯಾಗಿ, "ಅಯ್ಯೋ, ಮೂಲ ಅಲ್ಲ ಕಣಪ್ಪ, ನಂದು ರೋಹಿಣಿ" ಅಂದರು. ನಾವು ಫಾರಂನಲ್ಲಿ ರೋಹಿಣಿ ಅಂತ ಬರೆದುಕೊಂಡೆವು. ಯಾವುದೋ ಹಸುವಿನ ಹೆಸರು, ಹಾಲು ಮಾರ್ತಾರೆ ಅಂದುಕೊಂಡೆವು. ಅದು ನಕ್ಷತ್ರ ಅಂತ ಸಂಜೆ ಗೊತ್ತಾಯ್ತು. ಆ ಫಾರಂ ಹಾಗೇ ಎಕ್ಸೆಲ್ ಶೀಟಿಗೂ ಹೋಯ್ತು.

ಇದನ್ನ ಕ್ಯಾಂಟೀನಿನಲ್ಲಿ ಹೇಳಿ ನಗಿಸಿದ್ದೇವೆ. ಆದರೆ ಮೂರನೇ ದಿನದ್ದನ್ನ ಯಾರಿಗೂ ಹೇಳಿರಲಿಲ್ಲ.

ಮೂರನೇ ದಿನ ಸಂಜೆ ದೇವಸ್ಥಾನದ ಮುಂದೆ ಪ್ರೊಜೆಕ್ಟರ್ ಇಟ್ಟು 'ಜಲ ಸಂರಕ್ಷಣೆ' ಅಂತ ಪಿಪಿಟಿ ತೋರಿಸಿದೆವು. ಇಪ್ಪತ್ತೆರಡು ಸ್ಲೈಡು. ಮಳೆನೀರನ್ನು ವ್ಯರ್ಥ ಮಾಡಬಾರದು, ಕೆರೆ ನಮ್ಮ ಸಂಪತ್ತು, ಇತ್ಯಾದಿ. ಮುಗಿದ ಮೇಲೆ ಹಿಂದೆ ಕೂತಿದ್ದ ಒಬ್ಬ ತಾತ ಎದ್ದು, "ಅಲ್ಲಪ್ಪ, ಕೋಡಿ ಎತ್ತರ ಮಾಡಿದ್ರೆ ಏನಾಯ್ತದೆ ಅಂತ ನಿಮ್ಗೆ ಓದಿಸ್ತಾರಾ?" ಅಂತ ಕೇಳಿದರು. ನಮ್ಮಲ್ಲಿ ಕಂಪ್ಯೂಟರ್ ಸೈನ್ಸಿನವನು ಮೈಕ್ ಹಿಡಿದಿದ್ದ. "ಕೋಡಿಂಗಾ ತಾತ?" ಅಂದ. ಅವನು ತಮಾಷೆ ಮಾಡಲಿಲ್ಲ, ನಿಜವಾಗಿ ಹಾಗೇ ಕೇಳಿಸಿತ್ತು. ಜನ ನಕ್ಕರು. ತಾತ ನಗಲಿಲ್ಲ, ಕೂತುಬಿಟ್ಟರು.

ಮಾರನೇ ದಿನ ಬೆಳಿಗ್ಗೆ ನಾವು ನಾಲ್ವರೇ ಅವರನ್ನ ಹುಡುಕಿಕೊಂಡು ಹೋದೆವು. "ಕೋಡಿ ಅಂದ್ರೆ ಏನು ತಾತ?" ಅಂತ ಕೇಳಿದೆವು. ಅವರು ಬಾಯಲ್ಲಿ ಹೇಳಲಿಲ್ಲ, ಕೆರೆ ಏರಿ ಮೇಲೆ ಕರೆದುಕೊಂಡು ಹೋದರು. ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹೋಗೋ ಜಾಗ ಕೋಡಿ. ನಮ್ಮ ಸಿವಿಲ್ ಸೀನಿಯರ್‌ಗಳು ವೇಸ್ಟ್ ವಿಯರ್ ಅಂತ ಓದೋದು ಅದನ್ನೇ. ಬೇಕಾದಾಗ ಬೇಕಾದಷ್ಟು ನೀರನ್ನ ಗದ್ದೆಗೆ ಬಿಡೋ ಬಾಗಿಲು ತೂಬು. ಆ ನೀರು ಹರಿಯೋವಷ್ಟು ಭೂಮಿ ಅಚ್ಚುಕಟ್ಟು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಸರದಿ ನೋಡಿ ಬಿಡೋ ಮನುಷ್ಯ ನೀರುಗಂಟಿ. ತಾತ ನೀರುಗಂಟಿ. ಅವರಪ್ಪನೂ ನೀರುಗಂಟಿ. ಇಂಥವರನ್ನು ಕೂರಿಸಿಕೊಂಡು ನಾವು ಇಪ್ಪತ್ತೆರಡು ಸ್ಲೈಡಿನಲ್ಲಿ ನೀರು ಉಳಿಸೋದು ಹೇಗೆ ಅಂತ ಹೇಳಿಕೊಟ್ಟಿದ್ದೆವು.

ಅವರ ಪ್ರಶ್ನೆ ಏನಾಗಿತ್ತು ಅಂದರೆ, ಜಾಸ್ತಿ ನೀರು ನಿಲ್ಲಲಿ ಅಂತ ಕೋಡಿಗೆ ಒಂದೆರಡು ಅಡಿ ಸಿಮೆಂಟ್ ಹಾಕಿ ಎತ್ತರಿಸಬೇಕು ಅಂತ ಊರಲ್ಲಿ ಕೆಲವರ ಆಸೆ. ಹಾಗೆ ಮಾಡಿದರೆ ಕೆರೆ ಹಿಂದಿನ ಹೊಲಗಳು ಮುಳುಗುತ್ತವೆ, ಏರಿ ಮೇಲೆ ಭಾರ ಬೀಳುತ್ತೆ, ಜೋರು ಮಳೆ ಬಂದರೆ ಏರಿಯೇ ಒಡೆಯಬಹುದು. ಜೊತೆಗೆ ಈ ಕೋಡಿಯಿಂದ ಹೊರಟ ನೀರು ತಾನೇ ಕೆಳಗಿನ ಊರಿನ ಕೆರೆಗೆ ಹೋಗಬೇಕು? ಅಲ್ಲಿಯವರು ಏನು ಮಾಡಬೇಕು? ಓದಿದ ಹುಡುಗರು ಬಂದಿದ್ದಾರೆ, ಇವರ ಬಾಯಿಂದ ಈ ಮಾತು ಬಂದರೆ ಊರವರು ಕೇಳ್ತಾರೆ ಅಂತ ತಾತನ ಲೆಕ್ಕ. ನಿಜವಾಗಿ ನಮ್ಮಿಂದ ಆ ಊರಿಗೆ ಆಗಬಹುದಾಗಿದ್ದ ಉಪಕಾರ ಅದೊಂದೇ. ಒಂದು ಪದ ಗೊತ್ತಿಲ್ಲದೆ ಅದು ಕೈತಪ್ಪಿತು. ಕೊನೇ ದಿನ ಮತ್ತೆ ಮೈಕ್ ಹಿಡಿದು ಹೇಳೋಣ ಅಂದರೆ ಕಾರ್ಯಕ್ರಮ ಪಟ್ಟಿಯಲ್ಲಿ ಡ್ಯಾನ್ಸ್ ಇತ್ತು, ಸನ್ಮಾನ ಇತ್ತು, ಜಾಗ ಇರಲಿಲ್ಲ.

(ಇನ್ನೊಂದು ತಮಾಷೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಬಿಡ್ತಿದ್ದಾರೆ. ಅಂದರೆ ಆ ಸೀಮೆಗೆ ನಮಗಿಂತ ಮೊದಲು ನಮ್ಮ ಬಚ್ಚಲ ನೀರು ಹೋಗಿ, ನಮಗಿಂತ ಹೆಚ್ಚು ಉಪಯೋಗಕ್ಕೆ ಬಂದಿತ್ತು.)

ಇನ್ನು ಹಲಸೂರಿನವನ ವಿಷಯ. ಅವನು ಕ್ರಿಶ್ಚಿಯನ್. ನಾಲ್ವರಲ್ಲಿ ತಡವರಿಸದೆ ಕನ್ನಡ ಓದೋನು ಅವನೊಬ್ಬನೇ. ಅವನ ಅಜ್ಜಿ ಚಿಕ್ಕಂದಿನಿಂದ ದಿನಾ ರಾತ್ರಿ ಕನ್ನಡ ಸತ್ಯವೇದದ ಒಂದು ಅಧ್ಯಾಯ ಓದಿಸಿಯೇ ಊಟಕ್ಕೆ ಬಡಿಸ್ತಿದ್ದರಂತೆ. ಅದಕ್ಕೇ ಅವನ ಕನ್ನಡ ಪುಸ್ತಕದಂತೆ ಬರುತ್ತೆ. "ಅಮ್ಮಾ, ನಿಮ್ಮ ಮನೆಯವರು ಎಲ್ಲಿಗೆ ಹೋಗಿರುವರು?" ಅಂತ ಅವನು ಕೇಳಿದಾಗ ಹಳ್ಳಿ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು, ಆಮೇಲೆ ಮಜ್ಜಿಗೆ ಕೊಟ್ಟರು. ಐದನೇ ದಿನ ಒಬ್ಬ ಹುಡುಗ ಅವನ ಹೆಸರು ಕೇಳಿದ. ಹೇಳಿದ. "ಏನ್ ಬ್ರದರ್, ಮತಾಂತರ ಮಾಡೋಕೆ ಬಂದಿದೀರಾ?" ಅಂತ ಅರ್ಧ ತಮಾಷೆಯಲ್ಲಿ ಕೇಳಿದ ಆ ಹುಡುಗ. ಇವನೂ ನಕ್ಕ, ನಾವೂ ನಕ್ಕೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಕೆ.ಆರ್. ಪುರದ ತನಕ ಒಂದು ಮಾತೂ ಆಡಲಿಲ್ಲ.

ಕೆಲವು ತಿಂಗಳಾದ ಮೇಲೆ, ನವೆಂಬರಿನಲ್ಲಿ, ಮೆಟ್ರೋದಲ್ಲಿ ಎಂ.ಜಿ. ರೋಡಿಗೆ ಹೋಗಿದ್ದೆವು. ಮೇಯೋ ಹಾಲ್ ಹತ್ತಿರ ಕಿಟೆಲ್ ಪ್ರತಿಮೆ ಇದೆಯಲ್ಲ, ಅದನ್ನ ನೋಡಿ ಅವನು ಹೇಳಿದ: "ಇವರಿಗೆ ಹಾರ ಹಾಕ್ತೀರ. ನನಗೆ ಕನ್ನಡ ಬರುತ್ತೆ ಅಂದ್ರೆ ಆಶ್ಚರ್ಯ ಪಡ್ತೀರ." ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕಿಟೆಲ್ ಯಾರು ಅಂತಲೂ ಸರಿಯಾಗಿ ಗೊತ್ತಿರಲಿಲ್ಲ. ಆಸ್ಟಿನ್ ಟೌನಿಗೆ ಕಿಟೆಲ್ ನಗರ ಅಂತ ಹೆಸರಿಟ್ಟಿರೋದು ಅವರದ್ದೇ ಅಂತಲೂ ಆ ದಿನವೇ ತಿಳಿದದ್ದು. ಹಾಗೆ ಓದೋಕೆ ಶುರು ಮಾಡಿದೆವು.

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯಲ್ಲಿ, ಪಾದ್ರಿಯೊಬ್ಬರ ಮಗನಾಗಿ. ಬಾಸೆಲ್ ಮಿಷನ್ನಿನ ಕಡೆಯಿಂದ ಇಲ್ಲಿಗೆ ಬಂದದ್ದು 1853ರಲ್ಲಿ. ಆಗ 21 ವರ್ಷ. ನಮಗಿಂತ ಎರಡೇ ವರ್ಷ ದೊಡ್ಡವರು! ಬಂದದ್ದು ಮತ ಪ್ರಚಾರಕ್ಕೆ, ಇದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಪ್ರಚಾರ ಮಾಡಬೇಕಾದರೆ ಕನ್ನಡ ಬೇಕು, ಕನ್ನಡ ಬೇಕಾದರೆ ಜನ ಬೇಕು. ಕನ್ನಡಿಗರ ನಡುವೆ ಕನ್ನಡಿಗನಾಗಿಯೇ ಇರಬೇಕು ಅಂತ ಹೊರಟು ಊರೂರು ತಿರುಗಿದರು. ಮಾತು, ಪದ್ಧತಿ, ಹಾಡು ಎಲ್ಲವನ್ನೂ ಕಲಿತರು. ಇದು ಅವರ ಮಿಷನ್ನಿನವರಿಗೇ ಅತಿಯಾಯ್ತು ಅನ್ನಿಸಿ ಅವರು ಅಲ್ಲಿ ಸ್ವಲ್ಪ ಹೊರಗಿನವರೇ ಆಗಿಹೋದರು. 1862ರಲ್ಲಿ ಯೇಸುವಿನ ಕಥೆಯನ್ನ ನಮ್ಮ ಛಂದಸ್ಸಿನಲ್ಲೇ 'ಕಥಾಮಾಲೆ' ಅಂತ ಬರೆದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಸಂಪಾದಿಸಿ ಅಚ್ಚು ಹಾಕಿಸಿದರು. ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಸುಮಾರು 70,000 ಪದ. ಅಷ್ಟು ಹೊತ್ತಿಗೆ ಅವರಿಗೆ 62. ಆಮೇಲೂ ಸುಮ್ಮನಿರದೆ 1903ರಲ್ಲಿ ಕನ್ನಡ ವ್ಯಾಕರಣ ತಂದು, ಅದೇ ವರ್ಷ ಜರ್ಮನಿಯಲ್ಲಿ ತೀರಿಕೊಂಡರು.

ನಿಘಂಟಿನ ಸ್ಕ್ಯಾನ್ ಪ್ರತಿ ಆನ್‌ಲೈನಿನಲ್ಲಿದೆ. ನಾವು ಮೊದಲು ಹುಡುಕಿದ್ದು ಕೋಡಿ. ಇದೆ. ತೂಬು? ಅದೂ ಇದೆ. ಬೇರೆ ದೇಶದಿಂದ ಬಂದ ಒಬ್ಬರಿಗೆ ಕೆರೆ ನೀರು ಎಲ್ಲಿಂದ ಹೊರಗೆ ಹೋಗುತ್ತೆ ಅನ್ನೋದರ ಹೆಸರು ಗೊತ್ತಿತ್ತು. ಕೆರೆಗಳ ಊರಿನಲ್ಲಿ ಹುಟ್ಟಿದ ನಮಗೆ ಗೊತ್ತಿರಲಿಲ್ಲ. ಇಂದಿರಾನಗರದ ಪಕ್ಕದ ಕೋಡಿಹಳ್ಳಿಗೆ ಎಷ್ಟು ಸಲ ದೋಸೆ ತಿನ್ನೋಕೆ ಹೋಗಿದ್ದೇವೋ ಲೆಕ್ಕವಿಲ್ಲ. ಹೆಸರಲ್ಲೇ ಕೋಡಿ ಇಟ್ಟುಕೊಂಡ ಊರು ಅದು. ನಮ್ಮವನಿಗೆ ಆ ಹೆಸರು ಒಂದು ದಿನವೂ ಮಾತಾಡಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ನಮ್ಮೊಳಗೇ ಬಂತು. ಇವರನ್ನೆಲ್ಲ ಇಷ್ಟು ಹೊಗಳಬೇಕಾ? ಬ್ರಿಟಿಷರ ಆಳ್ವಿಕೆಯ ನೆರಳಲ್ಲಿ ಬಂದವರು, ನಮ್ಮ ಜನರ ದೇವರು ಸುಳ್ಳು ಅಂತ ನಂಬಿ ಬಂದವರು, ಭಾಷೆ ಕಲಿತದ್ದು ಪ್ರೀತಿಗಲ್ಲ, ಕೆಲಸಕ್ಕೆ. ಹೌದು, ಒಪ್ತೀವಿ. ಮಿಷನರಿಗಳ ಪುಸ್ತಕಗಳಲ್ಲಿ ನಮ್ಮವರನ್ನ ಕೀಳಾಗಿ ಕಾಣೋ ಮಾತು ಬೇಕಾದಷ್ಟಿದೆ. ಎಲ್ಲರೂ ಕಿಟೆಲ್ ಅಲ್ಲ. ಫ್ರಾನ್ಸಿನ ಅಬ್ಬೆ ದುಬೋಯ್ 1792ರಲ್ಲಿ ಬಂದು, ನಮ್ಮವರ ಹಾಗೇ ಉಡುಪು ತೊಟ್ಟು, ಮೈಸೂರು ಸೀಮೆಯಲ್ಲಿ ವರ್ಷಗಟ್ಟಲೆ ಇದ್ದು, ನಮ್ಮ ಆಚಾರ ವಿಚಾರಗಳ ಮೇಲೆ ದೊಡ್ಡ ಪುಸ್ತಕ ಕೊಟ್ಟರು. ಕಂಪನಿ ಸರ್ಕಾರವೇ ಹಸ್ತಪ್ರತಿ ಕೊಂಡುಕೊಂಡಿತು. ಅದರಲ್ಲಿ ಬಹಳಷ್ಟು ಅವರಿಗಿಂತ ಹಿಂದಿನ ಇನ್ನೊಬ್ಬ ಪಾದ್ರಿ ಬರೆದಿಟ್ಟದ್ದು ಅಂತ ಆಮೇಲೆ ಸಂಶೋಧಕರು ತೋರಿಸಿದ್ದಾರೆ. ಸೀನಿಯರ್ ರೆಕಾರ್ಡ್ ನೋಡಿ ಬರೆದ ಹಾಗೆ! ಅದನ್ನ ನಾವು ಬಯ್ಯೋ ಹಾಗಿಲ್ಲ ಬಿಡಿ. ಕೊನೆಗೆ 1823ರಲ್ಲಿ ವಾಪಸ್ ಹೋಗಿ, ಹಿಂದೂಗಳನ್ನ ಮತಾಂತರ ಮಾಡೋದು ಆಗದ ಕೆಲಸ ಅಂತಲೇ ಬರೆದರು.

ಐರ್ಲೆಂಡಿನ ವಿಲಿಯಂ ಆರ್ಥರ್ ಅಂತ ಇನ್ನೊಬ್ಬರು. ಇಪ್ಪತ್ತು ವರ್ಷದ ಹುಡುಗ. 1839ರಲ್ಲಿ ಗುಬ್ಬಿಗೆ ಅಂತ ಹೊರಟರು. ಆಗ ಸೂಯೆಜ್ ಕಾಲುವೆ ಇರಲಿಲ್ಲ, ಹಡಗಿನಲ್ಲೇ ತಿಂಗಳುಗಟ್ಟಲೆ. ಆರೋಗ್ಯ ಕೆಟ್ಟು 1841ಕ್ಕೇ ಹಿಂದಿರುಗಿದರು, 1847ರಲ್ಲಿ ಮೈಸೂರು ಸೀಮೆಯ ಅನುಭವಗಳ ಪುಸ್ತಕ ತಂದರು. ಹೊರದೇಶದ ಮಿಷನ್ ಪ್ರವಾಸದ ನೆನಪು ಅಂತ ಈಗ ಎಷ್ಟೋ ಜನ ಬರೀತಾರಲ್ಲ, ಆ ಜಾತಿಯದ್ದೇ. ಇನ್ನೂ ಸೋಜಿಗ ಅಂದರೆ ನಮ್ಮ ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸು. ಅಲ್ಲಿ 1846ರಲ್ಲಿ ಜಾನ್ ಗ್ಯಾರೆಟ್ ಅಚ್ಚು ಹಾಕಿಸಿದ ಪುಸ್ತಕಗಳಲ್ಲಿ ಒಂದು ಭಗವದ್ಗೀತೆ, ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ! ಇವರು ಏನು ಕೊಡೋಕೆ ಬಂದರೋ ಅದನ್ನ ಬಹಳ ಜನ ತಗೊಳ್ಳಲಿಲ್ಲ. ಕೊಡೋ ಸಲುವಾಗಿ ಇಲ್ಲಿಂದ ಏನು ಕೇಳಿ ಬರೆದುಕೊಂಡರೋ ಅದು ಇವತ್ತೂ ನಮ್ಮ ಕೈಯಲ್ಲಿದೆ. ಕಿಟೆಲ್‌ಗೆ ಆ ಪದಗಳು ಆಕಾಶದಿಂದ ಬೀಳಲಿಲ್ಲ, ಇಲ್ಲಿಯ ಪಂಡಿತರು, ರೈತರು, ಹೆಂಗಸರು ಕೂತು ಹೇಳಿದ್ದು. ಮಾಲೂರಿನ ನಮ್ಮ ತಾತನಂಥವರೂ ಅದರಲ್ಲಿ ಇದ್ದಿರಬೇಕು.

ಮತ್ತೆ ನಮ್ಮ ಏರಿಯಾಗೆ ಬರೋಣ. ಇಲ್ಲಿ ಕನ್ನಡವಿಲ್ಲದೆ ಬದುಕೋದು ಹೊಸ ಅಭ್ಯಾಸ ಅಲ್ಲ. ಬ್ರಿಟಿಷರು 1809ರಲ್ಲಿ ದಂಡು ಕಟ್ಟಿದಾಗಿನಿಂದ ಈ ಕಡೆ ಇಂಗ್ಲಿಷ್, ತಮಿಳು, ಉರ್ದು ಇದ್ದರೆ ಸಾಕು. ಮಿಷನ್ನುಗಳೂ ದಂಡಿನಲ್ಲಿ ತಮಿಳು ಕೆಲಸ, ಪೇಟೆ ಕಡೆ ಕನ್ನಡ ಕೆಲಸ ಅಂತ ಬೇರೆ ಬೇರೆ ಮಾಡಿಕೊಂಡಿದ್ದವು. ಆದ್ದರಿಂದ ಹಲಸೂರಿನವನಿಗೋ ಶಿವಾಜಿನಗರದವಳಿಗೋ ಕನ್ನಡ ಯಾಕೆ ಬರಲ್ಲ ಅಂತ ಕಣ್ಣು ಕೆಂಪು ಮಾಡೋರ ಜೊತೆ ನಾವಿಲ್ಲ. ಹೆದರಿಸಿ ಕಲಿಸಿದ ಭಾಷೆಯಲ್ಲಿ ಯಾರೂ ತಾತನನ್ನ ಪ್ರಶ್ನೆ ಕೇಳಲ್ಲ. ಉರ್ದು ಮನೆಯವಳು ಆ ಏಳು ದಿನದಲ್ಲಿ ಮಕ್ಕಳ ಹತ್ತಿರ ಕುಂಟೆಬಿಲ್ಲೆ ಆಡುತ್ತಾ ಕಲಿತ ಕನ್ನಡ, ಹತ್ತು ವರ್ಷ ಸೆಕೆಂಡ್ ಲ್ಯಾಂಗ್ವೇಜ್ ಓದಿ ಕಲಿತದ್ದಕ್ಕಿಂತ ಜಾಸ್ತಿ. ನಮ್ಮ ಸಿಟ್ಟು ಇರೋದು ಭಾಷೆ ಬರದವರ ಮೇಲಲ್ಲ. ಭಾಷೆ ಬರದೆಯೇ 'ಜಾಗೃತಿ ಮೂಡಿಸೋಕೆ' ಹೊರಡೋ ನಮ್ಮ ಧೈರ್ಯದ ಮೇಲೆ.

ಹಲಸೂರಿನವನ ಕಸಿನ್ ಒಬ್ಬಳು ಅಮೆರಿಕದಲ್ಲಿದ್ದಾಳೆ. ಬೇಸಿಗೆ ರಜೆಯಲ್ಲಿ ಚರ್ಚಿನವರ ಜೊತೆ ಹತ್ತು ದಿನ ಮೆಕ್ಸಿಕೋಗೆ ಮಿಷನ್ ಟ್ರಿಪ್ ಹೋಗಿದ್ದಳಂತೆ. ಸ್ಪ್ಯಾನಿಷ್ ಬರಲ್ಲ. ಒಂದು ಶಾಲೆಗೆ ಬಣ್ಣ ಹೊಡೆದು, ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು, ಕೊನೇ ದಿನ ಅತ್ತು, ವಾಪಸ್ ಬಂದು 'ನಾವು ಕೊಟ್ಟದ್ದಕ್ಕಿಂತ ಅವರು ಕೊಟ್ಟದ್ದೇ ಹೆಚ್ಚು' ಅಂತ ಬರೆದಳು. ಅವಳ ಫೋಟೋಗಳನ್ನೂ ನಮ್ಮ ಕ್ಯಾಂಪಿನ ಫೋಟೋಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಟೀ ಶರ್ಟಿನ ಬಣ್ಣ ಬಿಟ್ಟರೆ ವ್ಯತ್ಯಾಸವಿಲ್ಲ. ನಾವೂ ಕೊನೇ ದಿನ ಅತ್ತಿದ್ದೆವು. ನಮ್ಮ ರಿಪೋರ್ಟಿನಲ್ಲೂ ಅದೇ ವಾಕ್ಯ ಇದೆ. ಅಷ್ಟು ಕೊಟ್ಟರು ಅಂತೀವಲ್ಲ, ಕೊಟ್ಟದ್ದೇನು ಅಂತ ಕೇಳಿದರೆ ಅವಳ ಹತ್ತಿರವೂ ಹೆಸರಿಲ್ಲ, ನಮ್ಮ ಹತ್ತಿರವೂ ಇಲ್ಲ. ಅವಳಿಗೆ ಬೇರೆ ದೇಶ, ಬೇರೆ ಭಾಷೆ, ಒಂದು ನೆಪವಾದರೂ ಇದೆ.

"ಏಳು ದಿನದಲ್ಲಿ ಕಿಟೆಲ್ ಆಗೋಕಾಗುತ್ತಾ ಮಚ್ಚಾ?" ಅಂತ ಒಬ್ಬ ಗೆಳೆಯ ಕೇಳಿದ. ಆಗಲ್ಲ. ಆರ್ಥರ್‌ಗೆ ಸಿಕ್ಕ ಎರಡು ವರ್ಷವೂ ನಮಗಿಲ್ಲ, ಮಧ್ಯೆ ಇಂಟರ್ನಲ್ಸ್ ಬರುತ್ತೆ. ಆದರೆ ಒಂದೇ ಹಳ್ಳಿಗೆ ನಾಲ್ಕು ವರ್ಷವೂ ಹೋಗಬಹುದಲ್ಲ? ವರ್ಷಕ್ಕೊಂದು ಹೊಸ ಹಳ್ಳಿ ಯಾಕೆ? ಕ್ಯಾಂಪಿಗೆ ಮುಂಚೆ ಎರಡು ಭಾನುವಾರ ಐದಾರು ಜನ ಸುಮ್ಮನೆ ಹೋಗಿ, ಏನು ಬೇಕು ಅಂತ ಕೇಳಿ ಬರಬಹುದು. ಸರ್ವೆ ಫಾರಂ ಆ ಊರಿನ ಶಾಲೆ ಟೀಚರ್‌ಗೆ ಒಮ್ಮೆ ತೋರಿಸಿದರೆ ರೋಹಿಣಿ ಹಾಲು ಕರೆಯೋದು ತಪ್ಪುತ್ತೆ. ಮೊದಲ ಮೂರು ದಿನ ಪ್ರೊಜೆಕ್ಟರ್ ಪೆಟ್ಟಿಗೆಯಲ್ಲೇ ಇರಲಿ. ಪ್ರತಿಯೊಬ್ಬರೂ ದಿನಕ್ಕೆ ಹತ್ತು ಪದ ಬರೆದುಕೊಂಡು ಬರಲಿ, ಯಾರು ಹೇಳಿದರು, ಯಾವಾಗ ಬಳಸ್ತಾರೆ ಅನ್ನೋದರ ಸಮೇತ. ನೂರು ಜನ ಹೋಗ್ತೀವಿ, ಒಂದೇ ಪದ ಎಷ್ಟೋ ಸಲ ಬಂದರೂ ಕೊನೆಗೆ ನೂರಿನ್ನೂರು ಹೊಸ ಪದ ಉಳಿಯುತ್ತೆ. ಅದನ್ನ ಈ ಮ್ಯಾಗಜೀನಿನಲ್ಲೇ ಹಾಕೋಣ. ಆಕ್ಟಿವಿಟಿ ಪಾಯಿಂಟ್ಸ್ ಅದಕ್ಕೂ ಕೊಡಲಿ, ಬೇಡ ಅನ್ನಲ್ಲ.

ಇನ್ನೊಂದು ಮಾತು ನಮ್ಮ ಕನ್ನಡ ಸಂಘಕ್ಕೇ. ರಾಜ್ಯೋತ್ಸವದ ದಿನ ಭಾಷಣದಲ್ಲಿ ಕಿಟೆಲ್ ಹೆಸರು ಬಂದೇ ಬರುತ್ತೆ. ಆ ಬಸ್ಸಿನಲ್ಲಿ ಹಲಸೂರಿನವನು ಯಾಕೆ ಸುಮ್ಮನೆ ಕೂತಿದ್ದ ಅಂತ ಅವನನ್ನ ಕೇಳೋಕೆ ನಮಗೆ ಒಂಬತ್ತು ತಿಂಗಳು ಬೇಕಾಯ್ತು. ಕೇಳಿದಾಗ ಅವನು ಹೇಳಿದ್ದು, "ಅವನು ಕೇಳಿದ್ದಕ್ಕೆ ಬೇಜಾರಾಗಲಿಲ್ಲ. ನೀವೂ ನಕ್ಕಿರಲ್ಲ, ಅದಕ್ಕೆ." ಇದನ್ನ ಬರೀಬೇಡ ಅಂತ ಮೊದಲು ಹೇಳಿದ್ದ, ನಿನ್ನೆ ಬರಿ ಅಂದ.

ಅವನು ಈಗಲೂ ತಾತನಿಗೆ ಫೋನ್ ಮಾಡ್ತಾನೆ. ಕೋಡಿಗೆ ಇನ್ನೂ ಸಿಮೆಂಟ್ ಬಿದ್ದಿಲ್ಲವಂತೆ, ಆದರೆ ಮಾತು ನಿಂತಿಲ್ಲ, ಪಂಚಾಯ್ತಿಯಲ್ಲಿ ಮತ್ತೆ ಬರುತ್ತೆ ಅಂದರಂತೆ. ಸಿವಿಲ್ ಥರ್ಡ್ ಇಯರ್‌ನವರು ಯಾರಾದರೂ ಏರಿಗೆ ಎಷ್ಟು ಭಾರ ಬೀಳುತ್ತೆ ಅಂತ ಲೆಕ್ಕ ಹಾಕಿ, ಅದನ್ನ ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟರೆ ನಾವು ಬರೋ ಭಾನುವಾರ ಮಾಲೂರಿಗೆ ತಗೊಂಡು ಹೋಗ್ತೀವಿ. ರೈಲು ಬೆಳಿಗ್ಗೆಯದ್ದು. ಕೆ.ಆರ್. ಪುರ ಸ್ಟೇಷನ್ನಿನಲ್ಲಿ ಸಿಗಿ.